ಮೇರಿ ಆರ್ವಿಸ್ ಮಾರ್ಬರಿ

ಮೇರಿ ಆರ್ವಿಸ್ ಮಾರ್ಬರಿ (1856–1914) ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್‌ನವರು. ಮೀನು ಹಿಡಿಯಲು ಬಳಸುವ ಕೃತಕ ನೊಣಗಳ ತಯಾರಕಿಯಾಗಿ ಹಾಗೂ ಆ ವಿಷಯದ ಲೇಖಕಿಯಾಗಿ ಅವರು ಪ್ರಸಿದ್ಧರು. ತಂದೆ ಚಾರ್ಲ್ಸ್ ಫ್ರೆಡರಿಕ್ ಆರ್ವಿಸ್ ಸ್ಥಾಪಿಸಿದ ಆರ್ವಿಸ್ ಸಂಸ್ಥೆಯ ನೊಣ ತಯಾರಿಕಾ ವಿಭಾಗದ ಹೊಣೆಯನ್ನು ಅವರು 1876ರಲ್ಲಿ ವಹಿಸಿಕೊಂಡರು. 1892ರಲ್ಲಿ ಪ್ರಕಟವಾದ ಅವರ 'ಫೇವರಿಟ್ ಫ್ಲೈಸ್ ಅಂಡ್ ದೇರ್ ಹಿಸ್ಟರೀಸ್' ಗ್ರಂಥವು ಅಮೆರಿಕದಲ್ಲಿ ಬಳಕೆಯಲ್ಲಿದ್ದ ಕೃತಕ ನೊಣಗಳ ಮಾದರಿಗಳನ್ನು ಬಣ್ಣದ ಚಿತ್ರಗಳ ಸಹಿತ ಒಂದೆಡೆ ದಾಖಲಿಸಿತು. ಒಂದೇ ಹೆಸರಿನಲ್ಲಿ ಹಲವು ನೊಣಗಳೂ ಒಂದೇ ನೊಣಕ್ಕೆ ಹಲವು ಹೆಸರುಗಳೂ ಚಲಾವಣೆಯಲ್ಲಿದ್ದ ಆ ಕಾಲದಲ್ಲಿ ಹೆಸರಿಗೂ ಮಾದರಿಗೂ ಸ್ಥಿರವಾದ ಸಂಬಂಧವನ್ನು ಕಲ್ಪಿಸಿದ್ದು ಅವರ ಮುಖ್ಯ ಸಾಧನೆಯಾಗಿದೆ.

ಜನನ ಮತ್ತು ಕುಟುಂಬ

ಮೇರಿ ಆರ್ವಿಸ್ 1856ರಲ್ಲಿ ಜನಿಸಿದರು. ಅವರ ತಂದೆ ಚಾರ್ಲ್ಸ್ ಆರ್ವಿಸ್ (1831–1915) ಮ್ಯಾಂಚೆಸ್ಟರ್‌ನಲ್ಲಿ ಮೀನುಗಾರಿಕೆಯ ಸಲಕರಣೆಗಳ ವ್ಯಾಪಾರವನ್ನು ಆರಂಭಿಸಿದ್ದೂ ಅದೇ ವರ್ಷ. ಹೀಗಾಗಿ ಮಗಳೂ ಸಂಸ್ಥೆಯೂ ಒಟ್ಟಿಗೆ ಬೆಳೆದವು.

ಮ್ಯಾಂಚೆಸ್ಟರ್ ಪಟ್ಟಣವು ಎಕ್ವಿನಾಕ್ಸ್ ಬೆಟ್ಟದ ತಪ್ಪಲಿನಲ್ಲಿದೆ. ಬ್ಯಾಟನ್‌ಕಿಲ್ ಎಂಬ ತಂಪು ನೀರಿನ ನದಿಯು ಆ ಕಣಿವೆಯಲ್ಲಿ ಹರಿಯುತ್ತದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ರೈಲು ಸಂಪರ್ಕ ದೊರೆತ ಬಳಿಕ ನ್ಯೂಯಾರ್ಕ್ ಮೊದಲಾದ ನಗರಗಳ ಸ್ಥಿತಿವಂತ ಕುಟುಂಬಗಳು ಬೇಸಿಗೆ ಕಳೆಯಲು ಇಲ್ಲಿಗೆ ಬರತೊಡಗಿದವು. ಚಾರ್ಲ್ಸ್ ಅವರ ಸಹೋದರ ಫ್ರಾಂಕ್ಲಿನ್ ಆರ್ವಿಸ್ ಅದೇ ಊರಿನಲ್ಲಿ ಎಕ್ವಿನಾಕ್ಸ್ ಹೌಸ್ ಎಂಬ ಹೋಟೆಲನ್ನು ನಡೆಸುತ್ತಿದ್ದರು. ಅಲ್ಲಿ ತಂಗುತ್ತಿದ್ದ ಅತಿಥಿಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹವ್ಯಾಸವುಳ್ಳವರು ಚಾರ್ಲ್ಸ್ ಅವರ ಅಂಗಡಿಗೆ ಸಹಜವಾಗಿಯೇ ಗಿರಾಕಿಗಳಾದರು. ರಜೆ ಮುಗಿಸಿ ಊರಿಗೆ ಮರಳಿದವರಿಗೆ ಬೇಕಾದ ಸಾಮಗ್ರಿಗಳನ್ನು ಅಂಚೆಯ ಮೂಲಕ ಕಳುಹಿಸುವ ವ್ಯವಸ್ಥೆ ಬೆಳೆಯಿತು. ಆರ್ವಿಸ್ ಸಂಸ್ಥೆಯು ಅಮೆರಿಕದಲ್ಲಿ ಅಂಚೆ ಮೂಲಕ ಮಾರಾಟ ನಡೆಸಿದ ಅತಿ ಹಳೆಯ ಸಂಸ್ಥೆಗಳಲ್ಲೊಂದು. ಗಾಳದ ಕೋಲುಗಳಿಗೆ ಹೆಸರಾಗಿದ್ದ ಚಾರ್ಲ್ಸ್, 1874ರಲ್ಲಿ ರಂಧ್ರಗಳುಳ್ಳ ಕಿರಿದಾದ ರೀಲಿಗೆ ಪೇಟೆಂಟ್ ಪಡೆದರು.

ಮೇರಿ ಅವರು ಮುಂದೆ ಜಾನ್ ಮಾರ್ಬರಿ ಎಂಬವರನ್ನು ವಿವಾಹವಾದರು. ಗ್ರಂಥದ ಮೇಲೆ ಅವರು ಬಳಸಿದ್ದು ತವರಿನ ಹೆಸರನ್ನೂ ಪತಿಯ ಹೆಸರನ್ನೂ ಸೇರಿಸಿದ ರೂಪವನ್ನು. ವಿವಾಹದ ನಂತರವೂ ಅವರ ವೃತ್ತಿಜೀವನವು ಮ್ಯಾಂಚೆಸ್ಟರ್‌ನಲ್ಲಿ, ತಂದೆಯ ಸಂಸ್ಥೆಯಲ್ಲಿಯೇ ಮುಂದುವರಿಯಿತು.

ಕೃತಕ ನೊಣ ಮತ್ತು ಮಾದರಿ

ಫ್ಲೈ ಫಿಶಿಂಗ್ ಎಂಬ ಮೀನುಗಾರಿಕೆಯ ವಿಧಾನದಲ್ಲಿ ಎರೆಹುಳುವಿನಂತಹ ಸಹಜ ಎರೆಯನ್ನು ಬಳಸುವುದಿಲ್ಲ. ಸಣ್ಣ ಗಾಳಕ್ಕೆ ಗರಿ, ತುಪ್ಪಟ, ಉಣ್ಣೆ, ರೇಷ್ಮೆ ಹಾಗೂ ಜರಿ ಎಳೆಗಳನ್ನು ಬಿಗಿದು ಕಟ್ಟಿ ಮಾಡಿದ ವಸ್ತುವೇ ಇಲ್ಲಿ ಎರೆ. ಇದನ್ನು ಕೃತಕ ನೊಣ ಎನ್ನುತ್ತಾರೆ. ನೀರಿನ ಮೇಲೆ ಅಥವಾ ನೀರಿನೊಳಗೆ ಕಾಣುವ ಕೀಟವನ್ನು ಅನುಕರಿಸುವ ನೊಣಗಳಿವೆ. ಯಾವ ಕೀಟವನ್ನೂ ಹೋಲದೆ ಬಣ್ಣ ಮತ್ತು ಹೊಳಪಿನಿಂದ ಮೀನನ್ನು ಕೆಣಕುವ ನೊಣಗಳೂ ಇವೆ. ಕೃತಕ ನೊಣಕ್ಕೆ ತೂಕವು ಅತ್ಯಲ್ಪವಾದ್ದರಿಂದ ಭಾರವಾದ ನೂಲನ್ನು ಉದ್ದನೆಯ ಕೋಲಿನಿಂದ ಬೀಸಿ ಅದನ್ನು ನೀರಿಗೆ ತಲುಪಿಸಬೇಕಾಗುತ್ತದೆ.

ಪ್ರತಿಯೊಂದು ನೊಣಕ್ಕೂ ಒಂದು ಮಾದರಿ ಇರುತ್ತದೆ. ಬಾಲ, ಒಡಲು, ಒಡಲಿನ ಮೇಲೆ ಸುತ್ತುವ ಜರಿ, ಕಾಲುಗಳಂತೆ ಕಾಣುವ ಕತ್ತಿನ ಗರಿ, ರೆಕ್ಕೆ, ತಲೆ ಇವೆಲ್ಲ ಯಾವ ವಸ್ತುವಿನವು, ಯಾವ ಬಣ್ಣದವು ಎಂಬುದರ ನಿರ್ದಿಷ್ಟ ವಿವರವೇ ಮಾದರಿ. ಅಡುಗೆಯ ಪಾಕವಿಧಾನದಂತೆ ಇದನ್ನು ಓದಿ ಬೇರೆಯವರು ಅದೇ ನೊಣವನ್ನು ಕಟ್ಟಬಹುದು.

ಮಾದರಿಗಳನ್ನು ಬರೆದಿಡುವ ಪರಂಪರೆ ಇಂಗ್ಲೆಂಡಿನಲ್ಲಿ ಹಳೆಯದು. 1496ರಲ್ಲಿ ಮುದ್ರಣಗೊಂಡ, ಜೂಲಿಯಾನಾ ಬರ್ನರ್ಸ್ ಅವರದೆಂದು ಹೇಳಲಾಗುವ ಗಾಳದ ಮೀನುಗಾರಿಕೆಯ ಪ್ರಬಂಧದಲ್ಲಿ 12 ನೊಣಗಳ ವಿವರಗಳಿವೆ. 1676ರಲ್ಲಿ ಚಾರ್ಲ್ಸ್ ಕಾಟನ್ ತಿಂಗಳುಗಳಿಗೆ ಅನುಸಾರವಾಗಿ ನೊಣಗಳ ಪಟ್ಟಿಯನ್ನು ನೀಡಿದರು. 1836ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ನಿಜವಾದ ಕೀಟ ಮತ್ತು ಅದರ ಕೃತಕ ಪ್ರತಿರೂಪವನ್ನು ಅಕ್ಕಪಕ್ಕದಲ್ಲಿಟ್ಟು ಬಣ್ಣದ ಚಿತ್ರಗಳೊಂದಿಗೆ ಗ್ರಂಥವೊಂದನ್ನು ಪ್ರಕಟಿಸಿದರು. ಆದರೆ ಈ ಗ್ರಂಥಗಳೆಲ್ಲವೂ ಬ್ರಿಟನ್ನಿನ ನದಿಗಳನ್ನೂ ಅಲ್ಲಿನ ಕೀಟಗಳನ್ನೂ ಆಧರಿಸಿದ್ದವು. ಅಮೆರಿಕದ ನೀರಿಗೂ ಅಲ್ಲಿನ ಮೀನುಗಳಿಗೂ ಹೊಂದುವ ಮಾದರಿಗಳ ಸಮಗ್ರ ದಾಖಲೆಯ ಅಗತ್ಯ ಹಾಗೆಯೇ ಉಳಿದಿತ್ತು.

ನೊಣ ತಯಾರಿಕಾ ವಿಭಾಗದ ಮುಖ್ಯಸ್ಥೆಯಾಗಿ

1870ರ ದಶಕದಲ್ಲಿ ನೊಣಗಳಿಗೆ ಬೇಡಿಕೆ ಹೆಚ್ಚಿತು. ಆಗ ಚಾರ್ಲ್ಸ್ ಆರ್ವಿಸ್ ತಮ್ಮಲ್ಲಿಯೇ ನೊಣ ಕಟ್ಟುವ ವಿಭಾಗವನ್ನು ಬೆಳೆಸಲು ನಿಶ್ಚಯಿಸಿ, ಅದರ ಹೊಣೆಯನ್ನು 1876ರಲ್ಲಿ ಮಗಳಿಗೆ ಒಪ್ಪಿಸಿದರು. ಆಗ ಮೇರಿ ಅವರಿಗೆ ಸುಮಾರು 20 ವರ್ಷ. ಈ ಕೆಲಸಕ್ಕಾಗಿ ಅವರು ನ್ಯೂಯಾರ್ಕಿನ ವೃತ್ತಿಪರ ತಯಾರಕರೊಬ್ಬರಿಂದ ಕಸುಬನ್ನು ಕಲಿತರು. ಬಳಿಕ ಊರಿನ ಯುವತಿಯರನ್ನು ಕೆಲಸಕ್ಕೆ ಸೇರಿಸಿಕೊಂಡು ಅವರಿಗೆ ತಾವೇ ತರಬೇತಿ ನೀಡಿದರು.

ನೊಣ ಕಟ್ಟುವುದು ಕಣ್ಣಿನ ಮತ್ತು ಬೆರಳಿನ ಕೆಲಸ. ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಗಾಳದ ಮೇಲೆ ಐದಾರು ಬಗೆಯ ವಸ್ತುಗಳನ್ನು ಕ್ರಮವಾಗಿ ಕಟ್ಟಬೇಕು. ಒಂದು ಸುತ್ತು ಹೆಚ್ಚಾದರೂ ಒಡಲು ದಪ್ಪವಾಗುತ್ತದೆ. ರೆಕ್ಕೆ ಸ್ವಲ್ಪ ವಾಲಿದರೂ ನೊಣವು ನೀರಿನಲ್ಲಿ ತಿರುಚಿಕೊಳ್ಳುತ್ತದೆ. ಒಬ್ಬರೇ ತಮ್ಮ ಬಳಕೆಗಾಗಿ ಕಟ್ಟಿಕೊಳ್ಳುವಾಗ ಇಂತಹ ವ್ಯತ್ಯಾಸಗಳು ದೊಡ್ಡ ಸಂಗತಿಯಲ್ಲ. ಆದರೆ ಹಲವರು ಒಂದೇ ಕೊಠಡಿಯಲ್ಲಿ ಕುಳಿತು ಡಜನ್ ಲೆಕ್ಕದಲ್ಲಿ ಕಟ್ಟುವಾಗ ಎಲ್ಲರ ಕೈಯಿಂದ ಹೊರಬರುವ ನೊಣವೂ ಒಂದೇ ರೀತಿಯಲ್ಲಿರಬೇಕು. ಇದಕ್ಕೆ ಎಲ್ಲರೂ ಒಪ್ಪಿದ ಮಾದರಿ ಬೇಕಾಗುತ್ತದೆ. ಮಾರ್ಬರಿ ಅವರು ಮುಂದೆ ಗ್ರಂಥದಲ್ಲಿ ಸಾಧಿಸಿದ ಏಕರೂಪತೆಯ ಮೊದಲ ಅಗತ್ಯ ಹುಟ್ಟಿದ್ದು ಕೆಲಸದ ಈ ಮೇಜಿನ ಮೇಲೆ.

ಅಂದಿನ ಮೀನುಗಾರಿಕಾ ಸಾಹಿತ್ಯವನ್ನು ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಪುರುಷರು. ನೊಣಗಳಿಗೆ ಇಡುತ್ತಿದ್ದ ವ್ಯಕ್ತಿನಾಮಗಳೂ ಸಾಮಾನ್ಯವಾಗಿ ಪುರುಷರವೇ ಆಗಿದ್ದವು. ಆದರೆ ವಾಣಿಜ್ಯ ಮಟ್ಟದಲ್ಲಿ ನೊಣಗಳನ್ನು ಕಟ್ಟುತ್ತಿದ್ದ ಕೈಗಳಲ್ಲಿ ಮಹಿಳೆಯರ ಪಾಲು ದೊಡ್ಡದಾಗಿತ್ತು. ಆ ಕಸುಬಿನೊಳಗಿನಿಂದಲೇ ಬಂದು ವಿಷಯದ ಅಧಿಕೃತ ಲೇಖಕಿಯಾಗಿ ಮನ್ನಣೆ ಪಡೆದದ್ದು ಮಾರ್ಬರಿ ಅವರ ವೈಶಿಷ್ಟ್ಯವಾಗಿದೆ.

ಹೆಸರುಗಳ ಗೊಂದಲ

ಅಂಚೆಯ ಮೂಲಕ ನಡೆಯುವ ವ್ಯಾಪಾರದಲ್ಲಿ ಗಿರಾಕಿಯು ವಸ್ತುವನ್ನು ಕಣ್ಣಿನಿಂದ ನೋಡಿ ಆರಿಸುವಂತಿಲ್ಲ. ಹೆಸರನ್ನು ಬರೆದು ಕಳುಹಿಸಬೇಕು. ನೊಣಗಳ ವಿಷಯದಲ್ಲಿ ತೊಡಕು ಉಂಟಾಗುತ್ತಿದ್ದುದು ಇಲ್ಲಿಯೇ. ಬ್ರಿಟನ್ನಿನಿಂದ ಬಂದ ಹಳೆಯ ಮಾದರಿಗಳು ಅಮೆರಿಕದ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳಿದ್ದವು. ಊರಿಗೊಂದು ಹೆಸರು, ತಯಾರಕರಿಗೊಂದು ಬಣ್ಣ ಎಂಬಂತಾಗಿತ್ತು. ಹವ್ಯಾಸಿಯೊಬ್ಬರು ತಮಗೆ ಮೀನು ದೊರಕಿಸಿದ ನೊಣಕ್ಕೆ ಸ್ನೇಹಿತರ ಹೆಸರನ್ನೋ ಕೆರೆಯ ಹೆಸರನ್ನೋ ಇಟ್ಟು ಅದೇ ಹೆಸರಿನಿಂದ ಬೇಡಿಕೆ ಸಲ್ಲಿಸುತ್ತಿದ್ದರು. ಹೆಸರನ್ನು ನಂಬಿ ಕಟ್ಟಿ ಕಳುಹಿಸಿದ ನೊಣವು ಗಿರಾಕಿಯ ಮನಸ್ಸಿನಲ್ಲಿದ್ದ ನೊಣವಾಗಿರದೆ ಇರುವ ಸಾಧ್ಯತೆ ಸದಾ ಇತ್ತು.

ಈ ಸಮಸ್ಯೆಗೆ ಪರಿಹಾರ ಕಾಣುವ ದಿಕ್ಕಿನಲ್ಲಿ ಸಂಸ್ಥೆಯ ಮೊದಲ ಹೆಜ್ಜೆ 1883ರಲ್ಲಿ ಪ್ರಕಟವಾದ 'ಫಿಶಿಂಗ್ ವಿತ್ ದ ಫ್ಲೈ' ಎಂಬ ಸಂಕಲನ. ಚಾರ್ಲ್ಸ್ ಆರ್ವಿಸ್ ಮತ್ತು ಎ. ನೆಲ್ಸನ್ ಚೇನಿ ಅವರು ಸಂಪಾದಿಸಿದ ಈ ಪುಸ್ತಕದಲ್ಲಿ ಹಲವು ಲೇಖಕರ ಬರಹಗಳ ಜೊತೆಗೆ ನೊಣಗಳ ಬಣ್ಣದ ಫಲಕಗಳೂ ಇದ್ದವು. ಆದರೆ ಅದು ಮುಖ್ಯವಾಗಿ ಅನುಭವ ಕಥನಗಳ ಸಂಕಲನವಾಗಿತ್ತು. ಒಂದೊಂದು ನೊಣದ ಮೂಲವನ್ನೂ ಬಳಕೆಯನ್ನೂ ವಿಚಾರಿಸುವ ಕೆಲಸ ಬಾಕಿಯಿತ್ತು.

ಗಾಳಗಾರರ ಪತ್ರಗಳು

ಈ ಕೆಲಸಕ್ಕಾಗಿ ಆರ್ವಿಸ್ ಸಂಸ್ಥೆಯು ದೇಶದ ನಾನಾ ಭಾಗಗಳ ಅನುಭವಿ ಗಾಳಗಾರರಿಗೆ ಪತ್ರ ಬರೆಯಿತು. ಅವರು ತಮ್ಮ ಪ್ರದೇಶದಲ್ಲಿ ಯಾವ ನೊಣಗಳನ್ನು ಮೆಚ್ಚಿ ಬಳಸುತ್ತಾರೆ, ಯಾವ ಮೀನಿಗೆ ಯಾವುದು ಸೂಕ್ತ, ಯಾವ ಋತುವಿನಲ್ಲಿ ಯಾವುದು ಫಲ ನೀಡುತ್ತದೆ ಎಂಬ ಮಾಹಿತಿಯನ್ನು ಕೋರಲಾಗಿತ್ತು. 38 ರಾಜ್ಯಗಳಿಂದ 200ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಮಾರ್ಬರಿ ಅವರು ಈ ಪತ್ರಗಳನ್ನು ಓದಿ, ಹೋಲಿಸಿ, ರಾಜ್ಯವಾರು ವಿಂಗಡಿಸಿ ಗ್ರಂಥದಲ್ಲಿ ಅಳವಡಿಸಿದರು.

ಒಬ್ಬ ಪರಿಣತನು ತನ್ನ ನದಿಯ ಅನುಭವದಿಂದ ಎಲ್ಲರಿಗೂ ನಿಯಮ ಹೇಳುವ ರೂಢಿಗೆ ಇದು ಭಿನ್ನವಾದ ಕ್ರಮ. ಮೇನ್ ರಾಜ್ಯದ ಸರೋವರಗಳಲ್ಲಿ ಮೀನು ಕಚ್ಚುವ ನೊಣವು ಪಶ್ಚಿಮದ ಬೆಟ್ಟದ ಹೊಳೆಗಳಲ್ಲಿ ವ್ಯರ್ಥವಾಗಬಹುದು. ಟ್ರೌಟ್ ಮೀನಿಗೆ ಹಿಡಿಸಿದ್ದು ಬಾಸ್ ಮೀನಿಗೆ ಹಿಡಿಸದೆ ಹೋಗಬಹುದು. ಈ ಭಿನ್ನತೆಯನ್ನು ಮುಚ್ಚದೆ, ಪ್ರತಿಯೊಬ್ಬರ ಅಭಿಪ್ರಾಯವನ್ನೂ ಅದರ ಸ್ಥಳದೊಂದಿಗೆ ಮುದ್ರಿಸಿದ್ದರಿಂದ ಓದುಗರು ತಮ್ಮ ಪ್ರದೇಶಕ್ಕೆ ಹೊಂದುವ ಮಾದರಿಯನ್ನು ತಾವೇ ಹುಡುಕಿಕೊಳ್ಳುವಂತಾಯಿತು.

ಫೇವರಿಟ್ ಫ್ಲೈಸ್ ಅಂಡ್ ದೇರ್ ಹಿಸ್ಟರೀಸ್

ಗ್ರಂಥವನ್ನು 1892ರಲ್ಲಿ ಹಫ್ಟನ್ ಮಿಫ್ಲಿನ್ ಪ್ರಕಾಶನ ಸಂಸ್ಥೆಯು ಹೊರತಂದಿತು. ಇದರಲ್ಲಿ 290 ನೊಣಗಳನ್ನು 32 ಬಣ್ಣದ ಫಲಕಗಳಲ್ಲಿ ಚಿತ್ರಿಸಲಾಗಿದೆ. ಆರಂಭದಲ್ಲಿ ನೀರಿನ ಕೀಟಗಳ ಕುರಿತ ಪರಿಚಯವಿದೆ. ಅನಂತರ ಕತ್ತಿನ ಗರಿಗಳಿಂದಷ್ಟೇ ಮಾಡಿದ ರೆಕ್ಕೆಯಿಲ್ಲದ ನೊಣಗಳು, ಸಾಲ್ಮನ್ ನೊಣಗಳು, ಸರೋವರದ ನೊಣಗಳು, ಟ್ರೌಟ್ ನೊಣಗಳು ಮತ್ತು ಬಾಸ್ ನೊಣಗಳು ಎಂಬ ವಿಂಗಡಣೆ ಬರುತ್ತದೆ.

ಗ್ರಂಥದ ಉಪಯುಕ್ತತೆಯು ಅದರ ಫಲಕಗಳಲ್ಲಿದೆ. ಫಲಕದಲ್ಲಿ ಪ್ರತಿ ನೊಣಕ್ಕೂ ಹೆಸರಿದೆ. ಕಂದು, ಹಳದಿ, ಬೂದು ಎಂಬ ಮಾತುಗಳು ಓದುಗರ ಮನಸ್ಸಿನಲ್ಲಿ ಬೇರೆ ಬೇರೆ ಛಾಯೆಗಳನ್ನು ಮೂಡಿಸಬಹುದು. ಚಿತ್ರವು ಆ ಸಂದೇಹವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಗಿರಾಕಿ, ವ್ಯಾಪಾರಿ ಮತ್ತು ತಯಾರಕರು ಒಂದೇ ಫಲಕವನ್ನು ಮುಂದಿಟ್ಟುಕೊಂಡು ಮಾತನಾಡಲು ಸಾಧ್ಯವಾದ್ದರಿಂದ ಅಮೆರಿಕದಲ್ಲಿ ನೊಣಗಳ ಹೆಸರು ಮತ್ತು ರೂಪಗಳು ಒಂದು ನೆಲೆಗೆ ಬಂದವು. ಗ್ರಂಥವು ಜನಪ್ರಿಯವಾಗಿ ಹಲವು ಮುದ್ರಣಗಳನ್ನು ಕಂಡಿತು; 20ನೆಯ ಶತಮಾನದಲ್ಲಿಯೂ ಮರುಮುದ್ರಣಗೊಂಡಿತು.

ಇದು ನೊಣ ಕಟ್ಟುವ ವಿಧಾನವನ್ನು ಹಂತಹಂತವಾಗಿ ಕಲಿಸುವ ಕೈಪಿಡಿಯಲ್ಲ. ಆ ಉದ್ದೇಶದ ಗ್ರಂಥಗಳು ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗುತ್ತಿದ್ದವು. ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ನೀರಿನ ಮೇಲೆ ತೇಲುವ ನೊಣಗಳ ಕುರಿತೂ, ಜಾರ್ಜ್ ಕೆಲ್ಸನ್ 1895ರಲ್ಲಿ ಸಾಲ್ಮನ್ ನೊಣಗಳ ಕುರಿತೂ ವಿಧಾನಸಹಿತ ಗ್ರಂಥಗಳನ್ನು ರಚಿಸಿದರು. ಮಾರ್ಬರಿ ಅವರ ಗ್ರಂಥವು ಯಾವ ನೊಣ, ಯಾವ ಹೆಸರು, ಎಲ್ಲಿಂದ ಬಂತು, ಎಲ್ಲಿ ಬಳಕೆಯಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಅದನ್ನು ಕೈಪಿಡಿ ಎನ್ನುವುದಕ್ಕಿಂತ ನಿಘಂಟು ಎನ್ನುವುದು ಹೆಚ್ಚು ಸರಿ.

ಗ್ರಂಥದಲ್ಲಿನ ಕೆಲವು ಮಾದರಿಗಳು

ಕೋಚ್‌ಮನ್: ನವಿಲುಗರಿಯ ಎಳೆಯಿಂದ ಸುತ್ತಿದ ಹೊಳೆಯುವ ಒಡಲು, ಕಂದು ಕತ್ತಿನ ಗರಿ ಮತ್ತು ಬಿಳಿ ರೆಕ್ಕೆ ಇದರ ಲಕ್ಷಣ. ಇಂಗ್ಲೆಂಡಿನ ರಾಜಮನೆತನದ ಗಾಡಿ ಹೊಡೆಯುತ್ತಿದ್ದ ಟಾಮ್ ಬಾಸ್‌ವರ್ತ್ ಇದನ್ನು ರೂಪಿಸಿದನೆಂದು ಪ್ರತೀತಿ. ಗಾಡಿ ಹೊಡೆಯುವವನು ಎಂಬುದೇ ಹೆಸರಿನ ಅರ್ಥ.

ರಾಯಲ್ ಕೋಚ್‌ಮನ್: 1878ರಲ್ಲಿ ನ್ಯೂಯಾರ್ಕಿನ ತಯಾರಕ ಜಾನ್ ಹೇಲಿ ಅವರು ಹೆಚ್ಚು ಬಾಳಿಕೆ ಬರುವ ಕೋಚ್‌ಮನ್ ನೊಣಗಳನ್ನು ಕಟ್ಟಬೇಕಾಯಿತು. ನವಿಲುಗರಿಯ ಎಳೆಯು ಮೀನಿನ ಹಲ್ಲಿಗೆ ಸಿಕ್ಕಿ ಬೇಗ ಬಿಚ್ಚಿಕೊಳ್ಳುವುದನ್ನು ತಡೆಯಲು ಅವರು ಒಡಲಿನ ನಡುವೆ ಕೆಂಪು ರೇಷ್ಮೆಯ ಪಟ್ಟಿಯನ್ನು ಸುತ್ತಿ, ವುಡ್ ಡಕ್ ಎಂಬ ಬಾತುಕೋಳಿಯ ಗರಿಯಿಂದ ಬಾಲವನ್ನು ಸೇರಿಸಿದರು. ಈ ಹೊಸ ರೂಪಕ್ಕೆ ಹೆಸರು ಸೂಚಿಸಿದವರು ಆರ್ವಿಸ್ ಕುಟುಂಬದ ಎಲ್. ಸಿ. ಆರ್ವಿಸ್. ದುರಸ್ತಿಗಾಗಿ ಮಾಡಿದ ಬದಲಾವಣೆಯಿಂದ ಅಮೆರಿಕದ ಅತ್ಯಂತ ಪ್ರಸಿದ್ಧ ನೊಣಗಳಲ್ಲೊಂದು ಹುಟ್ಟಿದ ಈ ಸಂಗತಿಯು ಉಳಿದುಬಂದದ್ದು ಮಾರ್ಬರಿ ಅವರ ದಾಖಲೆಯಿಂದ.

ಪ್ರೊಫೆಸರ್: ಹಳದಿ ರೇಷ್ಮೆಯ ಒಡಲು, ಚಿನ್ನದ ಬಣ್ಣದ ಜರಿ, ಕೆಂಪು ಬಾಲ ಮತ್ತು ಬೂದು ರೆಕ್ಕೆಗಳುಳ್ಳ ನೊಣ. ಕ್ರಿಸ್ಟಫರ್ ನಾರ್ತ್ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ವಿಲ್ಸನ್ ಅವರಿಂದ ಇದಕ್ಕೆ ಈ ಹೆಸರು ಬಂದಿದೆ.

ಪಾರ್ಮಚೀನಿ ಬೆಲ್: ಹೆನ್ರಿ ಪಿ. ವೆಲ್ಸ್ ಅವರು ರೂಪಿಸಿದ, ಮೇನ್ ರಾಜ್ಯದ ಪಾರ್ಮಚೀನಿ ಸರೋವರದ ಹೆಸರನ್ನು ಹೊತ್ತ ನೊಣ. ಬಿಳಿ ಮತ್ತು ಕೆಂಪು ಬಣ್ಣಗಳ ಇದರ ರೆಕ್ಕೆಯು ಬ್ರೂಕ್ ಟ್ರೌಟ್ ಮೀನಿನ ಈಜುರೆಕ್ಕೆಯ ಬಣ್ಣಗಳನ್ನು ನೆನಪಿಸುತ್ತದೆ. ಕೀಟವನ್ನು ಅನುಕರಿಸದ, ಅಮೆರಿಕದಲ್ಲಿಯೇ ಹುಟ್ಟಿದ ವರ್ಣಮಯ ಮಾದರಿಗಳಿಗೆ ಇದು ಉತ್ತಮ ಉದಾಹರಣೆ.

ಜಾಕ್ ಸ್ಕಾಟ್: ಸ್ಕಾಟ್ಲೆಂಡಿನ ಸಾಲ್ಮನ್ ನೊಣ. ಹಳದಿ ಮತ್ತು ಕಪ್ಪು ರೇಷ್ಮೆಯ ಒಡಲಿನ ಮೇಲೆ ಅನೇಕ ಹಕ್ಕಿಗಳ ಗರಿಗಳನ್ನು ಬೆರೆಸಿ ರೆಕ್ಕೆ ಮಾಡುವ ಈ ಮಾದರಿಯು ಕಟ್ಟಲು ಅತಿ ಕಠಿಣವಾದವುಗಳಲ್ಲೊಂದು.

ಮಾದರಿಯನ್ನು ಅನುಸರಿಸುವ ಕ್ರಮ

ಲಿಖಿತ ಮಾದರಿಯನ್ನು ಓದುವ ಕ್ರಮಕ್ಕೂ ಕಟ್ಟುವ ಕ್ರಮಕ್ಕೂ ನೇರ ಸಂಬಂಧವಿದೆ. ಪ್ರೊಫೆಸರ್ ನೊಣವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಮೊದಲು ಗಾಳದ ದಂಡಕ್ಕೆ ಮೇಣ ಹಚ್ಚಿದ ರೇಷ್ಮೆ ದಾರವನ್ನು ಸುತ್ತಿ ತಳಹದಿ ಮಾಡಿಕೊಳ್ಳುತ್ತಾರೆ. ಗಾಳವು ಬಾಗುವ ಸ್ಥಳದಲ್ಲಿ ಕೆಂಪು ಗರಿಯ ಎಳೆಗಳನ್ನು ಬಾಲವಾಗಿ ಕಟ್ಟುತ್ತಾರೆ. ಅದೇ ಸ್ಥಳದಲ್ಲಿ ಜರಿಯ ಎಳೆಯನ್ನೂ ಒಡಲಿನ ಹಳದಿ ರೇಷ್ಮೆಯನ್ನೂ ಸಿಕ್ಕಿಸುತ್ತಾರೆ. ಬಳಿಕ ರೇಷ್ಮೆಯನ್ನು ಮುಂದಕ್ಕೆ ಒತ್ತಾಗಿ ಸುತ್ತಿ ಒಡಲನ್ನು ರೂಪಿಸಿ, ಅದರ ಮೇಲೆ ಜರಿಯನ್ನು ಸಮಾನ ಅಂತರದಲ್ಲಿ ಓರೆಯಾಗಿ ಸುತ್ತುತ್ತಾರೆ. ಮುಂಭಾಗದಲ್ಲಿ ಕೋಳಿಯ ಕತ್ತಿನ ಕಂದು ಗರಿಯನ್ನು ಸುತ್ತಿದಾಗ ಎಳೆಗಳು ಕಾಲುಗಳಂತೆ ಹರಡಿಕೊಳ್ಳುತ್ತವೆ. ಕೊನೆಯಲ್ಲಿ ಬೂದು ಗರಿಯ ಎರಡು ತುಂಡುಗಳನ್ನು ಜೋಡಿಸಿ ರೆಕ್ಕೆಯಾಗಿ ಕಟ್ಟಿ, ತಲೆಯನ್ನು ದಾರದಿಂದ ಮುಗಿಸಿ ವಾರ್ನಿಷ್ ಹಚ್ಚುತ್ತಾರೆ.

ಮೊದಲು ಕಟ್ಟಿದ್ದು ಹಿಂದೆ, ಕೊನೆಯಲ್ಲಿ ಕಟ್ಟಿದ್ದು ಮುಂದೆ ಬರುವುದರಿಂದ ನಡುವಿನ ಒಂದು ಹಂತವನ್ನು ಮರೆತರೆ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಮುಂದಿನ ಹಂತಕ್ಕೆ ಸ್ಥಳವನ್ನು ಉಳಿಸಿಕೊಳ್ಳುವುದು ಕಲಿಯುವವರಿಗೆ ಎದುರಾಗುವ ಮುಖ್ಯ ಕಷ್ಟ. ಮಾರ್ಬರಿ ಅವರ ಕಾಲದ ಬಹುಪಾಲು ನೊಣಗಳಲ್ಲಿ ಗಾಳಕ್ಕೆ ನೂಲು ಪೋಣಿಸುವ ಕಣ್ಣು ಇರುತ್ತಿರಲಿಲ್ಲ. ರೇಷ್ಮೆ ಹುಳುವಿನ ಗ್ರಂಥಿಯಿಂದ ಎಳೆದ ಗಟ್ಟಿ ತಂತುವನ್ನು ಗಾಳದ ದಂಡಕ್ಕೆ ಸೇರಿಸಿ ಬಿಗಿದು, ಅದರ ಮೇಲೆ ನೊಣವನ್ನು ಕಟ್ಟಲಾಗುತ್ತಿತ್ತು.

ಗರಿಗಳು ಮತ್ತು ಭಾರತದ ಸಂಬಂಧ

19ನೆಯ ಶತಮಾನದ ಮಾದರಿಗಳು ಜಗತ್ತಿನ ಹಲವು ಭಾಗಗಳ ಹಕ್ಕಿಗಳ ಗರಿಗಳನ್ನು ಬೇಡುತ್ತಿದ್ದವು. ಕೋಚ್‌ಮನ್ ನೊಣದ ಒಡಲಿಗೆ ಬೇಕಾದ ಗರಿಯನ್ನು ಕೊಡುವ ನವಿಲು ಮೂಲತಃ ಭಾರತ ಉಪಖಂಡದ ಹಕ್ಕಿ. ಜಾಕ್ ಸ್ಕಾಟ್ ಮೊದಲಾದ ಸಾಲ್ಮನ್ ನೊಣಗಳಲ್ಲಿ ಕಣ್ಣಿನಂತೆ ಕಾಣುವ ಮಚ್ಚೆಗಾಗಿ ಬಳಸುತ್ತಿದ್ದುದು ಬೂದು ಕಾಡುಕೋಳಿಯ ಹುಂಜದ ಕತ್ತಿನ ಗರಿ. ಕರ್ನಾಟಕದ ಪಶ್ಚಿಮ ಘಟ್ಟಗಳೂ ಸೇರಿದಂತೆ ದಕ್ಷಿಣ ಹಾಗೂ ಪಶ್ಚಿಮ ಭಾರತದ ಕಾಡುಗಳು ಈ ಹಕ್ಕಿಯ ನೆಲೆ. ಇದರ ಕತ್ತಿನ ಗರಿಯ ತುದಿಯಲ್ಲಿ ಮೇಣದಂತೆ ಹೊಳೆಯುವ ಗಟ್ಟಿಯಾದ ಮಚ್ಚೆಗಳಿದ್ದು, ನೀರಿನಲ್ಲಿ ನೆನೆದರೂ ಅವು ಹೊಳಪನ್ನು ಉಳಿಸಿಕೊಳ್ಳುತ್ತವೆ.

ಇಂತಹ ಬೇಡಿಕೆಯು ಹಕ್ಕಿಗಳ ಬೇಟೆಗೂ ಕಾರಣವಾಯಿತು. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯು ಅನೇಕ ಹಕ್ಕಿಗಳ ಗರಿಗಳ ವ್ಯಾಪಾರವನ್ನು ನಿರ್ಬಂಧಿಸಿತು. ಭಾರತದಲ್ಲಿ ನವಿಲು ಮತ್ತು ಬೂದು ಕಾಡುಕೋಳಿಗಳಿಗೆ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ರಕ್ಷಣೆಯಿದೆ. ಆದ್ದರಿಂದ ಹಳೆಯ ಮಾದರಿಗಳನ್ನು ಅನುಸರಿಸುವ ಇಂದಿನ ತಯಾರಕರು ಸಾಕಿದ ಹಕ್ಕಿಗಳ ಗರಿಗಳನ್ನು ಅಥವಾ ಬಣ್ಣ ಹಾಕಿದ ಬದಲಿ ಗರಿಗಳನ್ನು ಬಳಸುತ್ತಾರೆ.

1893ರ ವಿಶ್ವ ಪ್ರದರ್ಶನ

ಕೊಲಂಬಸ್ ಅಮೆರಿಕ ಖಂಡವನ್ನು ತಲುಪಿದ 400ನೆಯ ವರ್ಷದ ನೆನಪಿಗಾಗಿ 1893ರಲ್ಲಿ ಶಿಕಾಗೋ ನಗರದಲ್ಲಿ ವಿಶ್ವ ಕೊಲಂಬಿಯನ್ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಭಾಗವಹಿಸಿದ ವಿಶ್ವಧರ್ಮ ಸಮ್ಮೇಳನವು ಇದೇ ಪ್ರದರ್ಶನದ ಅಂಗವಾಗಿ ಏರ್ಪಟ್ಟಿತ್ತು. ಈ ಪ್ರದರ್ಶನಕ್ಕಾಗಿ ಮಾರ್ಬರಿ ಅವರು ನೊಣಗಳ ಫಲಕಗಳನ್ನು ಸಿದ್ಧಪಡಿಸಿದರು. ಚೌಕಟ್ಟು ಹಾಕಿದ ಈ ಫಲಕಗಳಲ್ಲಿ ನಿಜವಾಗಿ ಕಟ್ಟಿದ ನೊಣಗಳ ಜೊತೆಗೆ ಅವುಗಳನ್ನು ಬಳಸುವ ನದಿ, ಸರೋವರಗಳ ಛಾಯಾಚಿತ್ರಗಳನ್ನೂ ಜೋಡಿಸಲಾಗಿತ್ತು. ಗ್ರಂಥದ ಫಲಕಗಳು ಮುದ್ರಿತ ಚಿತ್ರಗಳಾಗಿದ್ದರೆ, ಇವು ಮ್ಯಾಂಚೆಸ್ಟರ್‌ನ ಕೆಲಸದ ಮೇಜಿನಿಂದ ಬಂದ ಮೂಲ ವಸ್ತುಗಳು. ಈ ಫಲಕಗಳು ಇಂದು ಮ್ಯಾಂಚೆಸ್ಟರ್‌ನಲ್ಲಿರುವ ಅಮೆರಿಕನ್ ಫ್ಲೈ ಫಿಶಿಂಗ್ ವಸ್ತುಸಂಗ್ರಹಾಲಯದಲ್ಲಿವೆ.

ಅಭಿರುಚಿಯ ಬದಲಾವಣೆ

ಮಾರ್ಬರಿ ಅವರ ಗ್ರಂಥ ಪ್ರಕಟವಾಗುವ ಹೊತ್ತಿಗೆ ಅಮೆರಿಕದ ನದಿಗಳೇ ಬದಲಾಗತೊಡಗಿದ್ದವು. ಪೂರ್ವ ರಾಜ್ಯಗಳ ಮೂಲನಿವಾಸಿಯಾದ ಬ್ರೂಕ್ ಟ್ರೌಟ್ ಮೀನು ಸ್ವಚ್ಛವಾದ ತಂಪು ನೀರನ್ನು ಬಯಸುತ್ತದೆ. ಬಣ್ಣದ ನೊಣಗಳಿಗೆ ಸುಲಭವಾಗಿ ಬಾಯಿ ಹಾಕುತ್ತದೆ. ಕಾಡು ಕಡಿದು ನೀರು ಬಿಸಿಯಾದಂತೆ ಅದರ ಸಂಖ್ಯೆ ಕುಗ್ಗಿತು. 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳ ರೂಪದಲ್ಲಿ ತರಲಾದ ಬ್ರೌನ್ ಟ್ರೌಟ್ ಮೀನು ಅನೇಕ ನದಿಗಳಲ್ಲಿ ಅದರ ಸ್ಥಾನವನ್ನು ಪಡೆಯಿತು. ಈ ಮೀನು ಹೆಚ್ಚು ಎಚ್ಚರದ್ದು. ಇದನ್ನು ಹಿಡಿಯಲು ಕೀಟವನ್ನು ನಿಕಟವಾಗಿ ಹೋಲುವ ಮಂದ ಬಣ್ಣದ ನೊಣಗಳು ಬೇಕಾದವು.

ಇದೇ ವೇಳೆಗೆ ಹಾಲ್ಫರ್ಡ್ ಅವರ ತೇಲುವ ನೊಣಗಳ ವಿಚಾರ ಅಮೆರಿಕವನ್ನು ತಲುಪಿತು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಪ್ರದೇಶದ ಥಿಯೋಡೋರ್ ಗೋರ್ಡನ್ ಅವರು ಹಾಲ್ಫರ್ಡ್ ಅವರೊಡನೆ ಪತ್ರವ್ಯವಹಾರ ನಡೆಸಿ, ಅಲ್ಲಿನ ಮಾದರಿಗಳನ್ನು ಅಮೆರಿಕದ ಕೀಟಗಳಿಗೆ ತಕ್ಕಂತೆ ಮಾರ್ಪಡಿಸಿದರು. 20ನೆಯ ಶತಮಾನದಲ್ಲಿ ಈ ಹೊಸ ಪದ್ಧತಿ ಬೆಳೆದಂತೆ ಮಾರ್ಬರಿ ಅವರ ಗ್ರಂಥದಲ್ಲಿನ ಅನೇಕ ಮಾದರಿಗಳು ನದಿಯ ದಡದಿಂದ ಮರೆಯಾದವು. ಆದರೆ ರಾಯಲ್ ಕೋಚ್‌ಮನ್‌ನಂತಹ ಕೆಲವು ಮಾದರಿಗಳು ತೇಲುವ ರೂಪದಲ್ಲಿಯೂ ಮರುಹುಟ್ಟು ಪಡೆದು ಬಳಕೆಯಲ್ಲಿ ಉಳಿದವು.

ನಿಧನ

ಮೇರಿ ಆರ್ವಿಸ್ ಮಾರ್ಬರಿ 1914ರಲ್ಲಿ ನಿಧನರಾದರು. ಮರುವರ್ಷ, 1915ರಲ್ಲಿ, ತಂದೆ ಚಾರ್ಲ್ಸ್ ಆರ್ವಿಸ್ ಅವರೂ ತೀರಿಕೊಂಡರು. ಆ ಬಳಿಕ ಸಂಸ್ಥೆಯನ್ನು ಅವರ ಪುತ್ರರು ನಡೆಸಿದರು. 1939ರಲ್ಲಿ ಅದು ಆರ್ವಿಸ್ ಕುಟುಂಬದ ಕೈಯಿಂದ ಬೇರೆಯವರ ಒಡೆತನಕ್ಕೆ ಹೋಯಿತು.

ಪ್ರಭಾವ ಮತ್ತು ಮಹತ್ವ

ಮಾರ್ಬರಿ ಅವರ ಗ್ರಂಥವು ಅಮೆರಿಕದಲ್ಲಿ ಮಾದರಿಗಳನ್ನು ಬಣ್ಣದ ಫಲಕಗಳ ಮೂಲಕ ದಾಖಲಿಸುವ ಕ್ರಮಕ್ಕೆ ಭದ್ರವಾದ ತಳಪಾಯವನ್ನು ಹಾಕಿತು. 1935ರಲ್ಲಿ ಪ್ರೆಸ್ಟನ್ ಜೆನ್ನಿಂಗ್ಸ್ ಅಮೆರಿಕದ ಕೀಟಗಳನ್ನು ಗುರುತಿಸಿ ಅವುಗಳಿಗೆ ಹೊಂದುವ ನೊಣಗಳನ್ನು ವಿವರಿಸಿದರು. 1938ರಲ್ಲಿ ರೇ ಬರ್ಗ್‌ಮನ್ ಅವರ 'ಟ್ರೌಟ್' ಗ್ರಂಥವು ನೂರಾರು ನೊಣಗಳನ್ನು ಬಣ್ಣದ ಫಲಕಗಳಲ್ಲಿ ತೋರಿಸಿ, ಅವುಗಳ ಘಟಕಗಳ ಪಟ್ಟಿಯನ್ನೂ ನೀಡಿತು.

ಅವರ ದಾಖಲೆಗೆ ಇತಿಹಾಸದ ದೃಷ್ಟಿಯಿಂದಲೂ ಬೆಲೆಯಿದೆ. ಗ್ರಂಥದಲ್ಲಿನ ಪತ್ರಗಳು 19ನೆಯ ಶತಮಾನದ ಕೊನೆಯಲ್ಲಿ ಯಾವ ನದಿಯಲ್ಲಿ ಯಾವ ಮೀನು ದೊರೆಯುತ್ತಿತ್ತು, ಜನರು ಅದನ್ನು ಹೇಗೆ ಹಿಡಿಯುತ್ತಿದ್ದರು ಎಂಬುದಕ್ಕೆ ಪ್ರತ್ಯಕ್ಷ ಸಾಕ್ಷ್ಯಗಳು. ಬ್ರೂಕ್ ಟ್ರೌಟ್ ಕಣ್ಮರೆಯಾದ ಹೊಳೆಗಳ ಹಿಂದಿನ ಸ್ಥಿತಿಯನ್ನು ತಿಳಿಯಲು ಇಂತಹ ಬರಹಗಳು ನೆರವಾಗುತ್ತವೆ. ಹಳೆಯ ನೊಣವೊಂದು ಸಂಗ್ರಹಕಾರರ ಕೈಗೆ ಬಂದಾಗ ಅದರ ಹೆಸರನ್ನು ಗುರುತಿಸಲು ಇಂದಿಗೂ ಈ ಗ್ರಂಥದ ಫಲಕಗಳನ್ನು ನೋಡುತ್ತಾರೆ.

ಅಮೆರಿಕನ್ ಫ್ಲೈ ಫಿಶಿಂಗ್ ವಸ್ತುಸಂಗ್ರಹಾಲಯವು 1968ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ಥಾಪನೆಯಾಯಿತು. ಮಾರ್ಬರಿ ಅವರು ಯುವತಿಯರಿಗೆ ನೊಣ ಕಟ್ಟುವುದನ್ನು ಕಲಿಸಿದ ಊರಿನಲ್ಲಿಯೇ, ಅವರ ವಿಭಾಗದಲ್ಲಿ ಕಟ್ಟಿದ ನೊಣಗಳು ತಮ್ಮ ಹೆಸರುಗಳೊಂದಿಗೆ ಸಂರಕ್ಷಿತವಾಗಿವೆ.